ಪ್ಯಾಸೇಜಿನ ಕತ್ತಲೆಗೆ ಗೋಡೆ ಒಡೆಯಬೇಕೇ?

ಪ್ರಶ್ನೆ: ನಮಸ್ಕಾರ ಮೇಡಂ. ಮಂಗಳೂರಿನಲ್ಲಿ ನಮ್ಮದು ಮೂರನೆಯ ಮಹಡಿಯ ಫ್ಲ್ಯಾಟ್. ಹಾಲ್‌ನಿಂದ ಕೋಣೆಗಳಿಗೆ ಹೋಗುವ ಪ್ಯಾಸೇಜ್ ಮೂರು ಅಡಿ ಅಗಲವಿದೆ, ಹಗಲಲ್ಲೂ ಲೈಟ್ ಬೇಕು. ಅಡುಗೆಮನೆಯ ಕಡೆಯ ಗೋಡೆ ಒಡೆದರೆ ಬೆಳಕು ಬರುತ್ತದೆ ಎನ್ನುತ್ತಾರೆ ಮೇಸ್ತ್ರಿ. ಬಾತ್‌ರೂಮಿನ ಮರದ ಬಾಗಿಲು ಪ್ರತಿ ಮಳೆಗಾಲದಲ್ಲೂ ಉಬ್ಬಿ ಕಚ್ಚಿಕೊಳ್ಳುತ್ತದೆ. ಅಮ್ಮ ಈಗ ವಾಕರ್ ಹಿಡಿದು ನಡೆಯುತ್ತಾರೆ. ಮೊದಲು ಯಾವುದನ್ನು ಮಾಡಿಸಲಿ?

ಉತ್ತರ: ದಯವಿಟ್ಟು ಮೊದಲು ಬಾತ್‌ರೂಮಿನ ಬಾಗಿಲು ಮಾಡಿಸಿ, ಗೋಡೆ ಕಾಯಲಿ. ಎರಡೂವರೆ ಅಡಿಯ ಬಾಗಿಲಿನಲ್ಲಿ ಚೌಕಟ್ಟಿನ ಎರಡು ಬದಿಗಳನ್ನೂ ತೆರೆದು ನಿಂತ ಬಾಗಿಲಿನ ದಪ್ಪವನ್ನೂ ಕಳೆದರೆ ಓಡಾಡಲು 25 ಇಂಚು ಉಳಿದರೆ ಹೆಚ್ಚು. ಅಮ್ಮನ ವಾಕರಿನ ಅಗಲವನ್ನು ಇಂದೇ ಟೇಪ್ ಹಿಡಿದು ಅಳೆಯಿರಿ.

ಬಾಗಿಲು ಒಳಕ್ಕೆ ತೆರೆಯುತ್ತದೆಯೇ? ಹಾಗಿದ್ದರೆ ಅದನ್ನು ಬದಲಿಸಲೇಬೇಕು. ಒಳಗೆ ಯಾರಾದರೂ ಜಾರಿ ಬಾಗಿಲಿಗೆ ಅಡ್ಡವಾಗಿ ಬಿದ್ದರೆ ಹೊರಗಿನವರು ತಳ್ಳಿ ತೆರೆಯಲಾಗುವುದಿಲ್ಲ. ಹೊರಕ್ಕೆ ತೆರೆಯುವಂತೆ ಮಾಡಿದರೆ ಮೂರಡಿ ಪ್ಯಾಸೇಜ್ ಮುಚ್ಚಿಹೋಗುತ್ತದೆ. ಹಾಗಾಗಿ ಹೊರಗಿನ ಗೋಡೆಗುಂಟ ಸರಿಯುವ ಬಾಗಿಲು ಹಾಕಿಸಿ, ಹಳಿ ಮೇಲ್ಗಡೆ ಮಾತ್ರ ಇರಲಿ. ಹೊರಗಿನಿಂದಲೂ ತೆರೆಯಬಹುದಾದ ಚಿಲಕ ಬೇಕು. ಗ್ರಾನೈಟ್ ಹೊಸಿಲನ್ನು ಅರ್ಧ ಇಂಚಿಗೆ ಇಳಿಸಿ ಎರಡೂ ಕಡೆ ಇಳಿಜಾರು ಕೊಡಿಸಿ.

ಈಗಿನ ಬಾಗಿಲನ್ನು ಕಳಚಿದಾಗ ಅದರ ಕೆಳಅಂಚನ್ನು ನೋಡಿ. ಅಲ್ಲಿ ಬಣ್ಣವೇ ಹತ್ತಿರುವುದಿಲ್ಲ, ಬಹುಪಾಲು ಮನೆಗಳಲ್ಲಿ ಇದೇ ಕಥೆ. ನೀರು ಕುಡಿಯುವುದು ಅಲ್ಲಿಂದಲೇ. ಬಡಗಿ ಪ್ರತಿ ವರ್ಷ ಪಕ್ಕ ಹೆರೆದು ಹೋದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ, ಅಷ್ಟೇ. ಹೊಸದಕ್ಕೆ ಡಬ್ಲ್ಯುಪಿಸಿ, ಅಂದರೆ ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ ಸಾಕು. ಮರವೇ ಬೇಕೆಂದರೆ ಆರೂ ಮುಖಗಳಿಗೆ ಪ್ರೈಮರ್ ಹೊಡೆಸಿದ ಮೇಲೆಯೇ ಕೂರಿಸಿ.

ಮರುಪ್ರಶ್ನೆ: ಗೋಡೆಯನ್ನು ತಟ್ಟಿ ನೋಡಿದ ಮೇಸ್ತ್ರಿ, ನಾಲ್ಕಿಂಚಿನದು, ತೊಂದರೆಯಿಲ್ಲ ಎಂದರು.

ಉತ್ತರ: ತಟ್ಟಿ ನೋಡಿ ತೀರ್ಮಾನಿಸುವ ವಿಷಯವಲ್ಲ ಇದು. ಕಂಬ-ತೊಲೆಯ ಕಟ್ಟಡದಲ್ಲಿ ನಾಲ್ಕಿಂಚಿನ ಬ್ಲಾಕ್ ಗೋಡೆ ಸಾಮಾನ್ಯವಾಗಿ ಬರೀ ಅಡ್ಡಗೋಡೆ. ಆದರೆ ಅಲ್ಯೂಮಿನಿಯಂ ಅಚ್ಚಿನೊಳಗೆ ಕಾಂಕ್ರೀಟ್ ಸುರಿದು ಕಟ್ಟಿದ ಕಟ್ಟಡಗಳಲ್ಲಿ ಗೋಡೆಗಳೇ ಮೇಲಿನ ಮಹಡಿಗಳನ್ನು ಹೊರುತ್ತವೆ. ಅಲ್ಲಿ ಕಿಟಕಿಯಷ್ಟು ಕೂಡ ಕೊರೆಯುವಂತಿಲ್ಲ. ಫ್ಲ್ಯಾಟ್ ಮಾಲೀಕರ ಸಂಘದಿಂದ ಸ್ಟ್ರಕ್ಚರಲ್ ನಕ್ಷೆ ತರಿಸಿ ಎಂಜಿನಿಯರ್‌ಗೆ ತೋರಿಸಿ, ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಿರಿ.

ಒಡೆಯಬಹುದು ಎಂದರೂ ಇಡೀ ಗೋಡೆ ತೆಗೆಯಬೇಡಿ, ಒಗ್ಗರಣೆಯ ಹೊಗೆಯೆಲ್ಲ ಮಲಗುವ ಕೋಣೆಗೆ ನುಗ್ಗುತ್ತದೆ. ತಲೆಯೆತ್ತರಕ್ಕಿಂತ ಮೇಲೆ ಉದ್ದನೆಯ ಕಿಂಡಿ ಬಿಟ್ಟು ಗೆರೆಗೆರೆಯ ಗಾಜು ಕೂರಿಸಿದರೆ ಬೆಳಕು ಬರುತ್ತದೆ, ವಾಸನೆ ಬರುವುದಿಲ್ಲ. ಕೋಣೆಗಳ ಬಾಗಿಲುಗಳ ಮೇಲ್ಭಾಗಕ್ಕೂ ಮಬ್ಬುಗಾಜು ಹಾಕಿಸಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ.

ಮರುಪ್ರಶ್ನೆ: ಗೋಡೆಯ ಬದಲು ಜಿಪ್ಸಮ್ ಬೋರ್ಡಿನ ಪಾರ್ಟಿಷನ್ ಹಾಕಿದರೆ?

ಉತ್ತರ: ಹಾಲ್‌ನಲ್ಲಾದರೆ ಸರಿ. ಪ್ಯಾಸೇಜಿನಲ್ಲಿ ಅಮ್ಮನಿಗೆ ಹಿಡಿಗಂಬಿ ಬೇಕಾಗುತ್ತದೆ, ಬರೀ ಬೋರ್ಡಿಗೆ ಬಿಗಿದ ಸ್ಕ್ರೂ ಅವರ ಭಾರಕ್ಕೆ ಕಿತ್ತುಬರುತ್ತದೆ. ಹಾಕಿಸುವುದೇ ಆದರೆ ಕಂಬಿ ಬರುವ ಎತ್ತರದಲ್ಲಿ, ಬೋರ್ಡ್ ಮುಚ್ಚುವ ಮೊದಲೇ, ಒಳಗೆ ಪ್ಲೈವುಡ್ ಪಟ್ಟಿ ಕೊಡಿಸಿ.