ರಾತ್ರಿ ಹನ್ನೊಂದರ ಮೇಲೂ ಬೈಕ್ ಸದ್ದು, ಏನಾದರೂ ಮಾಡಬಹುದಾ?

ರಿಂಗ್‌ರೋಡ್ ಪಕ್ಕದವನು:
ಬೆಂಗಳೂರಲ್ಲಿ ರಿಂಗ್ ರೋಡಿಗೆ ಅಂಟಿಕೊಂಡೇ ನಮ್ಮ ಮನೆ, ಎರಡನೇ ಮಹಡಿ. ಹಗಲಿನ ಗದ್ದಲ ಬಿಡಿ, ಅಭ್ಯಾಸವಾಗಿದೆ. ರಾತ್ರಿ ಹನ್ನೊಂದರ ಮೇಲೆ ಸೈಲೆನ್ಸರ್ ಬದಲಾಯಿಸಿದ ಬೈಕ್‌ನವರು ಸಿಗ್ನಲ್‌ನಲ್ಲಿ ನಿಂತು ಸುಮ್ನೆ ಆಕ್ಸಿಲೇಟರ್ ತಿರುಗಿಸುತ್ತಾರೆ, ಪಟಾಕಿ ಹೊಡೆದ ಹಾಗೆ ಸದ್ದು, ಕಿಟಕಿ ಗಾಜು ಗಡಗಡ ಅನ್ನುತ್ತದೆ, ಮಗು ಬೆಚ್ಚಿ ಎದ್ದು ಕೂರುತ್ತದೆ. ಪೊಲೀಸರಿಗೆ ಹೇಳಿದರೆ ‘ಗಾಡಿ ನಂಬರ್ ಕೊಡಿ’ ಅಂತಾರೆ. ಮಹಡಿ ಮೇಲಿಂದ ಕತ್ತಲಲ್ಲಿ ನಂಬರ್ ಹೇಗ್ರೀ ಓದೋದು?

ಕಾನೂನು ಕಿಟ್ಟಿ:
2000ರ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಇದೆ. ಆದರೆ ಅದನ್ನು ಹಿಡಿದು ಹೊರಟರೆ ಯಾರು ಅಳೆಯಬೇಕು, ಎಲ್ಲಿ ಅಳೆಯಬೇಕು ಅಂತಲೇ ತಿಂಗಳು ಕಳೆಯುತ್ತದೆ. ಮೋಟಾರು ವಾಹನ ಕಾಯ್ದೆಯ 190(2) ಹಿಡಿಯಿರಿ. ಶಬ್ದದ ಮಿತಿ ಮೀರಿದ ಗಾಡಿ ಓಡಿಸಿದರೆ 10,000 ರೂಪಾಯಿವರೆಗೆ ದಂಡ ಹಾಕಬಹುದು, ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ನಂಬರ್ ಸಿಗದಿದ್ದರೆ ಬಿಡಿ. ಯಾವ ಸಿಗ್ನಲ್, ಯಾವ ವಾರ, ಎಷ್ಟು ಗಂಟೆ ಅಂತ ಬರೆದುಕೊಟ್ಟು ಅಲ್ಲೇ ನಿಂತು ತಪಾಸಣೆ ಮಾಡಿ ಅಂತ ಕೇಳಿ.

ಸ್ಪ್ಯಾನರ್:
ನನ್ನದು ಗ್ಯಾರೇಜು, ಅದಕ್ಕೇ ಹೇಳುತ್ತೇನೆ. ಹುಡುಗರು ಬಂದು ಕೇಳುವುದೇ ‘ಅಣ್ಣಾ, ಬೀಟ್ ಬರಬೇಕು’ ಅಂತ. ಹೊರಗೆ ಸಿಗುವ ಎಷ್ಟೋ ಸೈಲೆನ್ಸರ್‌ಗಳ ಬಾಯಲ್ಲಿ ಡಿಬಿ ಕಿಲ್ಲರ್ ಅಂತ ಸದ್ದು ತಗ್ಗಿಸುವ ಒಂದು ಗಿಡ್ಡ ಕೊಳವೆ ಇರುತ್ತದೆ, ಒಂದು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಹಗಲು ಹಾಕಿಕೊಂಡು ಓಡಾಡುತ್ತಾರೆ, ರಾತ್ರಿ ತೆಗೆದು ಜೇಬಿಗೆ! ಹಾಗಾಗಿ ಹಗಲು ಹಿಡಿದು ಪ್ರಯೋಜನ ಇಲ್ಲ. ಪೊಲೀಸರು ರೋಡ್ ರೋಲರ್ ಹತ್ತಿಸಿ ಸೈಲೆನ್ಸರ್ ಪುಡಿ ಮಾಡುವ ಫೋಟೋ ಪೇಪರ್‌ನಲ್ಲಿ ಬರುತ್ತಲ್ಲ, ಆಮೇಲೆ ಸ್ವಲ್ಪ ದಿನ ಕಂಪನಿ ಸೈಲೆನ್ಸರ್ ವಾಪಸ್ ಹಾಕಿಸುವವರು ಜಾಸ್ತಿ. ಭಯ ಅಷ್ಟು ದಿನವೇ.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಬೈಕ್ ಬಿಡಿ, ಹಾರ್ನ್ ಕಥೆ ಹೇಳಿ. ಕೆಂಪು ಇನ್ನೂ ಐದು ಸೆಕೆಂಡ್ ಇರುವಾಗಲೇ ಹಿಂದಿನವನು ಒತ್ತಲು ಶುರು. ಮುಂಬೈ ಪೊಲೀಸರು 2020ರಲ್ಲಿ ಕೆಲವು ಸಿಗ್ನಲ್‌ಗಳಿಗೆ ಡೆಸಿಬಲ್ ಮೀಟರ್ ಜೋಡಿಸಿದ್ದರು. ಸದ್ದು 85 ದಾಟಿದರೆ ಕೆಂಪು ದೀಪದ ಲೆಕ್ಕ ಮತ್ತೆ ಮೊದಲಿಂದ. ನಮ್ಮ ಜಂಕ್ಷನ್‌ಗೆ ಹಾಕಿದರೆ ಯಾರೂ ಊಟದ ಹೊತ್ತಿಗೆ ಮನೆ ಸೇರಲ್ಲ.

ರಿಂಗ್‌ರೋಡ್ ಪಕ್ಕದವನು:
😄 ಶುಕ್ರವಾರ, ಶನಿವಾರವೇ ಕಾಟ ಜಾಸ್ತಿ. ದಿನ, ಗಂಟೆ ಬರೆದಿಡುತ್ತೇನೆ. ಕಟ್ಟಡದವರೆಲ್ಲ ಸಹಿ ಹಾಕಿದರೆ ತೂಕ ಬರುತ್ತಾ ಕಿಟ್ಟಿಯವರೇ?

ಕಾನೂನು ಕಿಟ್ಟಿ:
ಖಂಡಿತ. ಕೊಟ್ಟ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳುವುದು ಮಾತ್ರ ಬಿಡಬೇಡಿ.