ಪದಚರ್ಚೆ: ಅಜೇಲಿಯಾ ‘ಬಾಡಿತು’ ಎನ್ನಬೇಕೋ, ‘ಸೊರಗಿತು’ ಎನ್ನಬೇಕೋ?

ಪ್ರಶ್ನೆ: ಮನೆಯೊಳಗೆ ಚಟ್ಟಿಯಲ್ಲಿಡುವ ಅಜೇಲಿಯಾ ಗಿಡದ ಜೊತೆ ಕೊಡಲು, ಶಿವಮೊಗ್ಗದ ನರ್ಸರಿಯೊಂದಕ್ಕೆ ಕನ್ನಡದಲ್ಲಿ ಆರೈಕೆಯ ಚೀಟಿ ಬರೆಯುತ್ತಿದ್ದೇನೆ. ಗಿಡ ಕೆಡುವುದನ್ನು ಹೇಳಲು ಬಾಡು, ಸೊರಗು, ಕಮರು, ಕರಟು, ಬಿಳಿಚು ಎಂಬ ಮಾತುಗಳೆಲ್ಲ ಬರುತ್ತವೆ. ಓದುವವರಿಗೆ ಸುಲಭವಾಗಲಿ ಎಂದು ಎಲ್ಲ ಕಡೆ ‘ಬಾಡು’ ಎಂದೇ ಬರೆದರೆ ತಪ್ಪಾಗುತ್ತದೆಯೇ? ಅಜೇಲಿಯಾ ಎಂಬ ಹೆಸರಿಗೂ ಕನ್ನಡದ್ದೊಂದು ಬೇಕೇ?

ಉತ್ತರ: ಹೆಸರನ್ನು ಹಾಗೇ ಬಿಡಿ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಬಳಸಿದ ಈ ಹೆಸರಿನ ಮೂಲ ‘ಒಣ’ ಎಂಬರ್ಥದ ಗ್ರೀಕ್ ಮಾತು. ಈಗ ಸಸ್ಯಶಾಸ್ತ್ರಜ್ಞರು ಗಿಡವನ್ನು ರೋಡೋಡೆಂಡ್ರಾನ್ ಕುಲಕ್ಕೆ ಸೇರಿಸಿದ್ದಾರೆ. ಅರ್ಥ ಹಿಡಿದು ಕನ್ನಡಕ್ಕೆ ತಂದರೆ ನೀರು ಬೇಡದ ಗಿಡ ಅಂದುಕೊಳ್ಳುತ್ತಾರೆ. ಚಟ್ಟಿಯ ಅಜೇಲಿಯಾ ಸಾಯುವುದು ಹೆಚ್ಚಾಗಿ ಒಣಗಿಯೇ.

ಆದರೆ ಎಲ್ಲಕ್ಕೂ ‘ಬಾಡು’ ಎಂದು ಬರೆಯಬೇಡಿ. ಓದಿದವರು ಪ್ರತಿ ಸಲವೂ ನೀರು ಹೊಯ್ಯುತ್ತಾರೆ, ಎಷ್ಟೋ ಗಿಡಗಳು ಅದರಿಂದಲೂ ಹೋಗುತ್ತವೆ.

ಬಾಡುವುದು ನೀರಿಲ್ಲದೆ, ಮತ್ತೆ ಚೇತರಿಸಿಕೊಳ್ಳುವ ಸ್ಥಿತಿ. ಸೊರಗುವುದು ಒಳಗಿನಿಂದ, ನಿಧಾನಕ್ಕೆ. ನಮ್ಮ ಕಡೆ ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ಎನ್ನುತ್ತಾರೆಯೇ ಹೊರತು ಬಾಡು ರೋಗ ಎನ್ನುವುದಿಲ್ಲ, ಏಕೆಂದರೆ ಅಲ್ಲಿ ನೆಲದಲ್ಲಿ ನೀರಿದ್ದರೂ ಕೊಳೆತ ಬೇರಿಗೆ ಎಳೆದುಕೊಳ್ಳಲಾಗುವುದಿಲ್ಲ. ಅಜೇಲಿಯಾದಲ್ಲೂ ಇದೇ ಭೇದ. ಎರಡರಲ್ಲೂ ಎಲೆ ಜೋತುಬೀಳುತ್ತದೆ, ಕಣ್ಣಿಗೆ ಒಂದೇ ಥರ. ಚಟ್ಟಿ ಎತ್ತಿ ನೋಡಬೇಕು: ಹಗುರವಾಗಿದ್ದರೆ ಬಾಡಿದೆ, ಭಾರವಾಗಿದ್ದರೆ ಸೊರಗಿದೆ. ಚೀಟಿಯಲ್ಲಿ ಈ ಒಂದು ಸಾಲು ದಪ್ಪಕ್ಷರದಲ್ಲಿರಲಿ.

ಬಾಡಿದ ಗಿಡಕ್ಕೆ ಮೇಲಿಂದ ಹೊಯ್ದ ನೀರು ಸಾಲದು. ಇದರ ಬೇರು ಕೂದಲೆಳೆಯಷ್ಟು ಸಣ್ಣ, ಒತ್ತಾಗಿ ಹೆಣೆದುಕೊಂಡು ಹೆಂಟೆಯಾಗಿರುತ್ತದೆ. ಹೆಚ್ಚಿನ ಗಿಡಗಳು ಪೀಟ್ (ಜೌಗು ನೆಲದ ಅರೆಕೊಳೆತ ಪಾಚಿ) ತುಂಬಿದ ಚಟ್ಟಿಯಲ್ಲೇ ಬರುತ್ತವೆ. ಪೀಟ್ ಒಮ್ಮೆ ಪೂರ್ತಿ ಒಣಗಿತೆಂದರೆ ನೀರು ಕುಡಿಯುವುದಿಲ್ಲ. ಹೊಯ್ದದ್ದು ಚಟ್ಟಿಯ ಅಂಚಿನಲ್ಲಿ ಇಳಿದು ತಟ್ಟೆಗೆ ಬರುತ್ತದೆ, ಹೆಂಟೆಯ ನಡು ಒಣಗಿಯೇ ಇರುತ್ತದೆ. ಬಕೆಟ್ ನೀರಿನಲ್ಲಿ ಚಟ್ಟಿಯನ್ನು ಕಂಠದವರೆಗೆ ಇಳಿಸಿ, ಗುಳ್ಳೆ ಏಳುವುದು ನಿಲ್ಲುವ ತನಕ ಬಿಡಿ. 20ರಿಂದ 30 ನಿಮಿಷ ಬೇಕಾಗುತ್ತದೆ. ಆಮೇಲೆ ನೀರು ಪೂರ್ತಿ ಸೋರಲು ಬಿಟ್ಟು ಜಾಗಕ್ಕಿಡಿ. ಇದಕ್ಕೆ ‘ಅದ್ದಿ’ ಎಂದು ಬರೆಯಬೇಡಿ, ಅದ್ದುವುದು ಕ್ಷಣದ ಕೆಲಸ. ‘ನೆನೆಹಾಕಿ’ ಎನ್ನಿ. ಅಕ್ಕಿ ನೆನೆಹಾಕುವವರಿಗೆ ಹೊತ್ತು ಹಿಡಿಯುವ ಕೆಲಸವೆಂದು ತಾನೇ ತಿಳಿಯುತ್ತದೆ.

ಸೊರಗಿದ್ದಕ್ಕೆ ನೀರು ನಿಲ್ಲಿಸಿ, ಗಿಡವನ್ನು ಚಟ್ಟಿಯಿಂದ ಜಾರಿಸಿ ನೋಡಿ. ಕಂದುಗಟ್ಟಿ ನಾರುವ ಬೇರು ಕತ್ತರಿಸಿ, ಹೊಸ ಮಿಶ್ರಣದಲ್ಲಿಡಿ: ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಚೆನ್ನಾಗಿ ಕಳಿತ ದರಗಿನ (ಒಣ ಎಲೆಯ) ಗೊಬ್ಬರ ಒಂದು ಪಾಲು, ದಪ್ಪ ಮರಳು ಅರ್ಧ ಪಾಲು. ಅಲಂಕಾರಕ್ಕೆ ಚಟ್ಟಿಯ ಹೊರಗೆ ಇನ್ನೊಂದು ತೂತಿಲ್ಲದ ಕುಂಡವಿಡುವುದೇ ಹೆಚ್ಚಿನ ಕಡೆ ಬೇರು ಕೊಳೆಯಲು ಕಾರಣ. ಅದರ ತಳದಲ್ಲಿ ನಿಂತ ನೀರು ಯಾರ ಕಣ್ಣಿಗೂ ಬೀಳುವುದಿಲ್ಲ.

‘ಬಿಳಿಚು’ ಎಂಬುದನ್ನು ಎಲೆಯ ನರ ಹಸಿರಾಗಿದ್ದು ನರಗಳ ನಡುವಿನ ಭಾಗ ಹಳದಿಯಾಗುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ಅಜೇಲಿಯಾಕ್ಕೆ ಹುಳಿಮಣ್ಣು ಬೇಕು, ರಸಸಾರ (ಪಿಎಚ್) 4.5ರಿಂದ 5.5. ಬೋರ್‌ವೆಲ್ಲಿನ ಗಡಸು ನೀರು ಹೊಯ್ಯುತ್ತ ಹೋದಂತೆ ರಸಸಾರ ಏರಿ, ಮಣ್ಣಿನಲ್ಲಿರುವ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಮಳೆನೀರು ಹಿಡಿದಿಟ್ಟುಕೊಳ್ಳುವುದು ಮಲೆನಾಡಿನಲ್ಲಿ ಕಷ್ಟವಲ್ಲ. ಬಿಳಿಚಿದ್ದರೆ ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ) ಕರಗಿಸಿ ಬುಡಕ್ಕೆ ಕೊಡಿ. ಒಲೆಯ ಬೂದಿ, ಸುಣ್ಣ ಹತ್ತಿರವೂ ಬೇಡ. ತೋಟಕ್ಕೆ ಸುಣ್ಣ ಹಾಕಿ ರೂಢಿಯಿದ್ದವರು ಇದಕ್ಕೂ ಒಂದು ಹಿಡಿ ಹಾಕಿಬಿಡುತ್ತಾರೆ.

ಕಮರುವುದು ಬಿಸಿಗೆ: ಮಧ್ಯಾಹ್ನದ ಬಿಸಿಲು ಬೀಳುವ ಪಡುವಣ ಕಿಟಕಿ, ಟಿವಿ–ಫ್ರಿಜ್ಜಿನ ಬಿಸಿಗಾಳಿ. ಎಲೆಯ ಅಂಚು ಕಂದಾಗುತ್ತದೆ. ಮೂಡಣ ಅಥವಾ ಬಡಗಣ ಕಿಟಕಿಯ ಬೆಳಕು ಸಾಕು. ಹೂವಿದ್ದಾಗ 13ರಿಂದ 18 ಡಿಗ್ರಿ ತಂಪು ಸಿಕ್ಕಿದರೆ ಹೂ ವಾರಗಟ್ಟಲೆ ನಿಲ್ಲುತ್ತದೆ. ಏಪ್ರಿಲ್ಲಿನ ಶಿವಮೊಗ್ಗದಲ್ಲಿ ಅದಕ್ಕೆ ಆಸೆಪಡುವಂತಿಲ್ಲ.

‘ಕರಟು’ ಮೊಗ್ಗಿಗೆ ಮೀಸಲಿರಲಿ, ಅದಕ್ಕೆ ಸಾಟಿಯಾದ ಬೇರೆ ಮಾತಿಲ್ಲ. ಬಾಡಿದ್ದು ಏಳುತ್ತದೆ, ಕರಟಿದ್ದು ಏಳುವುದಿಲ್ಲ. ಮೊಗ್ಗನ್ನು ಎರಡು ಬೆರಳಲ್ಲಿ ಒತ್ತಿದರೆ ಒಳಗೆ ಗಟ್ಟಿತನವಿಲ್ಲದೆ ಒಣ ಕಾಗದದಂತೆ ಪುಡಿಯಾಗುತ್ತದೆ, ಬಿಡಿಸಿದರೆ ಕಂದು. ಮೊಗ್ಗು ಕಟ್ಟಿದ ಮೇಲೆ ಒಮ್ಮೆ ಬೇರು ಒಣಗಿದ್ದರೆ ಸಾಕು, ಹೀಗಾಗುತ್ತದೆ. ಇನ್ನೊಂದು ಕಾರಣ ಮೊಗ್ಗಿನ ಬುಡದಲ್ಲೇ ಸುತ್ತಲೂ ಏಳುವ ಎಳೆ ಚಿಗುರು. ಅದು ಮೊಗ್ಗನ್ನು ದಾಟಿ ಬೆಳೆದು ಅದರ ಪಾಲಿನ ಆಹಾರ ಕಸಿಯುತ್ತದೆ. ಅರ್ಧ ಇಂಚಿರುವಾಗಲೇ ಪಕ್ಕಕ್ಕೆ ಬಾಗಿಸಿ ಚಿವುಟಿ ತೆಗೆಯಬೇಕು.

ಸವರುವುದು ಬೇರೆ, ಚಿವುಟುವುದು ಬೇರೆ ಎಂಬುದನ್ನೂ ಚೀಟಿಯಲ್ಲಿ ಕಾಪಾಡಿ. ಹೂ ಮುಗಿದ ಎರಡು ಮೂರು ವಾರದೊಳಗೆ ಕತ್ತರಿಯಿಂದ ಸವರಬೇಕು. ಮಳೆಗಾಲ ಬಲಿತ ಮೇಲೆ ಸವರಿದರೆ ಮುಂದಿನ ಮೊಗ್ಗು ಕೂರಬೇಕಾದ ತುದಿಗಳೇ ಹೋಗುತ್ತವೆ.

ಮತ್ತೊಬ್ಬರಿಂದ: ಮೇಲಿನದಕ್ಕೆ ಒಂದು ಸೇರಿಸಬೇಕು. ‘ಸವರಿದ ಸೊಪ್ಪು’ ಎಂದು ಎಲ್ಲಿಯೂ ಬರೆಯಬೇಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಲ್ಲಿ ಸೊಪ್ಪು ಎಂದರೆ ಅದು ಕೊಟ್ಟಿಗೆಗೆ ಹೋಗುವಂಥದ್ದು. ಅಜೇಲಿಯಾದ ಎಲೆ, ಹೂ ಎರಡರಲ್ಲೂ ಗ್ರೇಯಾನೋಟಾಕ್ಸಿನ್ ಎಂಬ ವಿಷವಿದೆ. ದನ, ಆಡು, ನಾಯಿ, ಬೆಕ್ಕು ತಿಂದರೆ ಜೊಲ್ಲು ಸುರಿಸಿ ವಾಂತಿ ಮಾಡುತ್ತವೆ, ಹೆಚ್ಚು ತಿಂದರೆ ಹೃದಯದ ಬಡಿತವೇ ತಪ್ಪುತ್ತದೆ. ‘ಕತ್ತರಿಸಿದ ಕಡ್ಡಿ, ಎಲೆ, ಉದುರಿದ ಹೂವನ್ನು ಕೊಟ್ಟಿಗೆಗೆ ಹಾಕಬೇಡಿ, ಕಲಗಚ್ಚಿಗೆ ಬೀಳದಂತೆ ನೋಡಿಕೊಳ್ಳಿ, ದನಕ್ಕೆ ವಿಷ’ ಎಂದು ಬಿಡಿಸಿ ಬರೆಯಿರಿ, ಚೀಟಿಯ ಮೊದಲ ಸಾಲಿನಲ್ಲೇ.