ವರ್ಣತಂತುಗಳ ಸಂಖ್ಯೆ ಸರಿಯಿದ್ದರೆ ಸಂಕರ ಹುಲ್ಲಿನ ಜೀನೋಮ್ ಸ್ಥಿರವೆಂದು ಹೇಳಬಹುದೇ?

ಪ್ರಶ್ನೆ

ಲೋಲಿಯಮ್ ಮಲ್ಟಿಫ್ಲೋರಮ್ ಮತ್ತು ಫೆಸ್ಟುಕಾ ಪ್ರಟೆನ್ಸಿಸ್ ಎಂಬ ಎರಡು ಮೇವಿನ ಹುಲ್ಲುಗಳ ಸಂಕರವಾದ ಫೆಸ್ಟುಲೋಲಿಯಮ್ ಕುರಿತು ಅಧ್ಯಯನ ಮಾಡುತ್ತಿದ್ದೇನೆ. ಎರಡೂ ಪೋಷಕ ಪ್ರಭೇದಗಳಲ್ಲಿ ಮೂಲತಃ 14 ವರ್ಣತಂತುಗಳಿವೆ. ದ್ವಿಗುಣಗೊಳಿಸಿದ ಸಂಕರದಲ್ಲಿ 28 ಇರುತ್ತವೆ. ಪೀಳಿಗೆಗಳು ಕಳೆದಂತೆ ಫೆಸ್ಟುಕಾದ ಪಾಲು ಕುಗ್ಗಿ ಲೋಲಿಯಮ್ ಪಾಲು ಹೆಚ್ಚುತ್ತದೆಂದು ಓದಿದೆ. ಆದರೂ ಅನೇಕ ಗಿಡಗಳಲ್ಲಿ ಎಣಿಕೆ 28ರಲ್ಲೇ ಉಳಿದಿರುತ್ತದೆ. ಎಣಿಕೆ ಕದಲದೆ ಒಳಗಿನ ಸಂಯೋಜನೆ ಬದಲಾಗುವುದು ಹೇಗೆ? ಸಂಕರದಿಂದಲೇ ಹುಟ್ಟಿದ ಗೋಧಿಯಲ್ಲಿ ಹೀಗೇಕೆ ಆಗುವುದಿಲ್ಲ?

ಉತ್ತರ 1

ಲಿಂಗಾಣುಗಳು ರೂಪುಗೊಳ್ಳುವ ಕೋಶವಿಭಜನೆಯಾದ ಮಿಯೋಸಿಸ್ ಹಂತದಲ್ಲಿ ಯಾವ ವರ್ಣತಂತು ಯಾವುದರೊಡನೆ ಜೋಡಿಯಾಗುತ್ತದೆ ಎಂಬುದರಲ್ಲಿ ತಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ. 28 ವರ್ಣತಂತುಗಳ ಸಂಕರದಲ್ಲಿ ಪ್ರತಿಯೊಂದು ಲೋಲಿಯಮ್ ವರ್ಣತಂತುವಿಗೂ ತನ್ನದೇ ಜೀನೋಮಿನ (ಅಂದರೆ ತನ್ನದೇ ಪ್ರಭೇದದಿಂದ ಬಂದ ವರ್ಣತಂತುಗಳ ಗುಚ್ಛದ) ಒಂದು ಜೊತೆಗಾರ ಇರುತ್ತದೆ, ಅದಲ್ಲದೆ ಫೆಸ್ಟುಕಾ ಕಡೆಯ ಎರಡು ಸಮಾನ ವರ್ಣತಂತುಗಳೂ ಇರುತ್ತವೆ. ಇವನ್ನು ದಾಯಾದಿಗಳು ಎನ್ನೋಣ. ಈ ಎರಡು ಕುಲಗಳ ವರ್ಣತಂತುಗಳಲ್ಲಿ ಜೀನುಗಳ ಕ್ರಮ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ದಾಯಾದಿಗಳು ಸಲೀಸಾಗಿ ಜೋಡಿಯಾಗಿ ತುಣುಕುಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಬಳಿಕ ಲಿಂಗಾಣುವಿಗೆ ಆ ಗುಂಪಿನಿಂದ ಎರಡು ವರ್ಣತಂತುಗಳು ಹೋದರೂ, ಅವು ಎರಡೂ ಲೋಲಿಯಮ್ ಆಗಿರಬಹುದು, ಎರಡೂ ಫೆಸ್ಟುಕಾ ಆಗಿರಬಹುದು, ಒಂದೊಂದಾಗಿಯೂ ಇರಬಹುದು. ಸಂಖ್ಯೆ ಉಳಿಯುತ್ತದೆ, ಪಾಲು ಬದಲಾಗುತ್ತದೆ. ಹಂಚಿಕೆ ಕೇವಲ ಆಕಸ್ಮಿಕವಾಗಿದ್ದರೆ ಅದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಬೇಕಿತ್ತು. ಮತ್ತೆ ಮತ್ತೆ ಲೋಲಿಯಮ್ ಕಡೆಗೇ ವಾಲುವುದನ್ನು ನೋಡಿದರೆ ಅದರ ಹಿಂದೆ ಒಂದು ಪಕ್ಷಪಾತ ಇದೆಯೆಂದೇ ನಾನು ತಿಳಿಯುತ್ತೇನೆ.

ಒಂದು ಪೋಷಕದ ಡಿಎನ್‌ಎಗೆ ಹೊಳೆಯುವ ಗುರುತು ಸೇರಿಸಿ ಸಂಕರದ ವರ್ಣತಂತುಗಳ ಮೇಲೆ ಅಂಟಿಸುವ ಗಿಶ್ ವಿಧಾನದಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಒಂದೇ ವರ್ಣತಂತುವಿನ ಉದ್ದಕ್ಕೂ ಎರಡು ಬಣ್ಣಗಳ ಪಟ್ಟಿಗಳು. ಬರಿಯ ಎಣಿಕೆಗೆ ಇದಾವುದೂ ಸಿಗದು.

ಉತ್ತರ 2

ಗೋಧಿಯ ಬಗ್ಗೆ ನಾನು ಹೇಳುತ್ತೇನೆ. ಬ್ರೆಡ್ ಗೋಧಿಯ 42 ವರ್ಣತಂತುಗಳು ಎ, ಬಿ, ಡಿ ಎಂಬ ಮೂರು ಜೀನೋಮುಗಳಿಂದ ಬಂದವು. ಆದರೂ 1ಎ, ಅಂದರೆ ಎ ಜೀನೋಮಿನ ಒಂದನೆಯ, ವರ್ಣತಂತು 1ಎ ಜೊತೆಗೇ ಜೋಡಿಯಾಗುತ್ತದೆ, 1ಬಿ ಅಥವಾ 1ಡಿ ಜೊತೆಗಲ್ಲ. 5ಬಿ ವರ್ಣತಂತುವಿನ ಉದ್ದ ತೋಳಿನಲ್ಲಿರುವ ಪಿಎಚ್1 ಎಂಬ ನೆಲೆ ದಾಯಾದಿಗಳ ನಡುವಿನ ವಿನಿಮಯವನ್ನು ತಡೆಯುತ್ತದೆಂದು 1958ರಲ್ಲಿ ತಿಳಿದುಬಂತು. ಅಲ್ಲಿರುವ ಜಿಪ್4 ಜೀನಿನ ಹೆಚ್ಚುವರಿ ಪ್ರತಿಯೇ ಈ ಕೆಲಸದಲ್ಲಿ ಮುಖ್ಯವೆಂದು ಇತ್ತೀಚಿನ ಸಂಶೋಧನೆ ತೋರಿಸಿದೆ. ಫೆಸ್ಟುಲೋಲಿಯಮ್‌ನಲ್ಲಿ ಇಷ್ಟು ಬಲವಾದ ಕಾವಲು ಇಲ್ಲ.

ಆದರೆ ಗೋಧಿಯ ವರ್ಣತಂತುಗಳು ಎಂದೂ ಬದಲಾಗಿಲ್ಲವೆಂದು ಭಾವಿಸಬಾರದು. ಅದರ 4ಎ ವರ್ಣತಂತುವಿನಲ್ಲಿ 5ಎ ಮತ್ತು 7ಬಿಯಿಂದ ಬಂದ ತುಣುಕುಗಳಿವೆ. ಇನ್ನು ರೈ ಎಂಬ ಧಾನ್ಯದ ಜೊತೆಗಿನ ಸಂಕರದಲ್ಲಿ ಜೊತೆಗಾರ ಸಿಗದ ಗೋಧಿಯ 1ಬಿ ಮತ್ತು ರೈಯ 1ಆರ್ ವರ್ಣತಂತುಗಳು ಎರಡು ತೋಳುಗಳು ಕೂಡುವ ಸೆಂಟ್ರೊಮಿಯರ್ ಬಳಿ ಮುರಿದು, ಒಂದರ ಉದ್ದ ತೋಳು ಮತ್ತೊಂದರ ಗಿಡ್ಡ ತೋಳಿಗೆ ಕೂಡಿಕೊಂಡು ಹುಟ್ಟಿದ ಸ್ಥಾನಾಂತರ ಲೋಕದಾದ್ಯಂತ ಹರಡಿತು. ಕಾಂಡದ ತುಕ್ಕು ರೋಗವನ್ನು ತಡೆಯುವ ಎಸ್ಆರ್31 ಜೀನು ಅದರ ಮೂಲಕವೇ ಬಂದದ್ದು. ಇಂಥ ಮರುಜೋಡಣೆ ಒಮ್ಮೆ ಎರಡೂ ಪ್ರತಿಗಳಲ್ಲಿ ನೆಲೆಗೊಂಡರೆ ಪೀಳಿಗೆಯಿಂದ ಪೀಳಿಗೆಗೆ ಅಚ್ಚುಕಟ್ಟಾಗಿ ಸಾಗುತ್ತದೆ. ಮರುಜೋಡಣೆಯೇ ಅಸ್ಥಿರತೆಯಲ್ಲ, ಈ ಎರಡನ್ನೂ ಬೆರೆಸುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

ಇಬ್ಬರಿಗೂ ಧನ್ಯವಾದಗಳು. ಸಂಕರವಾದೊಡನೆ ಜೀನೋಮಿಗೆ ಆಘಾತವಾಗಿ ವರ್ಣತಂತುಗಳು ಚದುರುತ್ತವೆಂದು ತಳಿವಿಜ್ಞಾನಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರ ವಿಚಾರವನ್ನು ಆಧರಿಸಿ ನಂಬಿದ್ದೆ. ಎಲ್ಲ ಹುಲ್ಲುಗಳಲ್ಲೂ ಹಾಗಾಗುತ್ತದೆಯೇ?

ಉತ್ತರ 3

ಆಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಹುಟ್ಟಿದ ಸ್ಪಾರ್ಟಿನಾ ಆಂಗ್ಲಿಕಾ ಎಂಬ ಜೌಗುಹುಲ್ಲಿನಲ್ಲಿ ರಚನೆಯ ಬದಲಾವಣೆ ಬಹಳ ಕಡಿಮೆ; ಡಿಎನ್‌ಎ ಮಿಥೈಲೀಕರಣದಲ್ಲಿ (ಡಿಎನ್‌ಎ ಮೇಲೆ ಕೂರುವ ರಾಸಾಯನಿಕ ಗುರುತುಗಳಲ್ಲಿ) ಮಾತ್ರ ಗಣನೀಯ ಬದಲಾವಣೆ ಕಂಡುಬಂದಿದೆ. ಇದಕ್ಕೆ ತೀರ ವಿರುದ್ಧವಾಗಿ, ಬಾರ್ಲಿಯನ್ನು ಅದರ ಕಾಡು ಸಂಬಂಧಿ ಹಾರ್ಡಿಯಮ್ ಬಲ್ಬೋಸಮ್ ಜೊತೆ ಸಂಕರಿಸಿದಾಗ ಭ್ರೂಣದ ಎಳೆಯ ದಿನಗಳಲ್ಲೇ ಬಲ್ಬೋಸಮ್ ವರ್ಣತಂತುಗಳು ಹಲವೊಮ್ಮೆ ಪೂರ್ತಿ ಕಳೆದುಹೋಗುತ್ತವೆ. ಆದ್ದರಿಂದ ತಮ್ಮ ಗಿಡಗಳಲ್ಲಿ ಬೇರಿನ ತುದಿಯ ಎಣಿಕೆಗೆ ತೃಪ್ತರಾಗದೆ, ಅದೇ ಗಿಡದ ಪರಾಗಕೋಶಗಳಲ್ಲಿ ಜೋಡಣೆಯನ್ನೂ ನೋಡಿ, ಕನಿಷ್ಠ ಎರಡು ಮೂರು ಪೀಳಿಗೆಗಳಲ್ಲಿ ಗಿಶ್ ಮಾಡಿ ಹೋಲಿಸಿರಿ.